ಇಂದಿನ ಧಮ್ಮ ಚಿಂತನೆ: ಸಕ್ಕರೆ ಕಾಯಿಲೆ ಯಾವ ಜನ್ಮದ ಕರ್ಮ?

ಕಳೆದ ಭಾನುವಾರ ವಂದನೆ ಮುಗಿದ ಮೇಲೆ ಒಬ್ಬ ಉಪಾಸಿಕೆ ನನ್ನನ್ನು ಪಕ್ಕಕ್ಕೆ ಕರೆದು ಕೇಳಿದರು: "ಅಣ್ಣಾ, ಇನ್ನು ಮಾತ್ರೆ ಸಾಲದು, ಇನ್ಸುಲಿನ್ ತಗೋಬೇಕು ಅಂದಿದ್ದಾರೆ ಡಾಕ್ಟರು. ಯಾವ ಜನ್ಮದ ಕರ್ಮವೋ ಏನೋ!" ಅಲ್ಲೇ ಉತ್ತರ ಕೊಟ್ಟೆ, ಆದರೆ ಅರ್ಧ ಮಾತ್ರ. ಉಳಿದರ್ಧ ಇವತ್ತು ಬರೆಯುತ್ತಿದ್ದೇನೆ. ಯಾಕೆಂದರೆ ಇದೇ ಮಾತನ್ನು ನಾನು ನನ್ನ ಅವ್ವನ ಬಾಯಲ್ಲೂ ಕೇಳಿದ್ದೆ.

ಅವ್ವನಿಗೆ ದಿನಕ್ಕೆ ಎರಡು ಸಲ ಇನ್ಸುಲಿನ್ ಬರೆದಿದ್ದರು. ಒಂದು ಬೇಸಿಗೆಯಲ್ಲಿ ಅವಳ ಕಾಲಿನ ಹುಣ್ಣು ಒಣಗಲೇ ಇಲ್ಲ. ವಿಚಾರಿಸಿದಾಗ ಗೊತ್ತಾಯಿತು, ಒಂದು ತಿಂಗಳ ಬಾಟಲಿ ಎರಡು ತಿಂಗಳು ಬರಲಿ ಎಂದು ಅರ್ಧರ್ಧವೇ ಚುಚ್ಚಿಕೊಳ್ಳುತ್ತಿದ್ದಳು. "ನನ್ನ ಕರ್ಮ, ನಾನು ಅನುಭವಿಸ್ತೀನಿ. ನಿನಗ್ಯಾಕೆ ಖರ್ಚು ಮಗಾ?" ಅಂದಳು. ಗೋಡೆಯ ಮೇಲೆ ಬುದ್ಧರೂ ಬಾಬಾಸಾಹೇಬರೂ ಇದ್ದರು. ನಾವು ದೀಕ್ಷೆ ತಗೊಂಡು ವರ್ಷಗಳಾಗಿದ್ದವು. ಆದರೂ ಆ ಹಳೆಯ ಮಾತು ಮನೆ ಬಿಟ್ಟು ಹೋಗಿರಲಿಲ್ಲ.

ಅವ್ವನ ಎರಡು ಕಾಲ್ಬೆರಳು ತೆಗೆಯಬೇಕಾಯಿತು. ಆ ವರ್ಷ ಬುದ್ಧ ಪೂರ್ಣಿಮೆಯ ಪೆಂಡಾಲಿಗೆ ನಾನು ಎರಡು ಸಾವಿರ ರೂಪಾಯಿ ಕೊಟ್ಟಿದ್ದೆ. ಇನ್ಸುಲಿನ್ ಬಾಟಲಿಗೆ ಎಷ್ಟಾಗುತ್ತದೆ ಎಂದು ಅವ್ವನನ್ನು ಒಮ್ಮೆಯೂ ಕೇಳಿರಲಿಲ್ಲ.

*ಬುದ್ಧರ ಉತ್ತರ*

ರಾಜಗೃಹದ ವೇಣುವನದಲ್ಲಿ ಮೋಲಿಯ ಸೀವಕನೆಂಬ ಪರಿವ್ರಾಜಕ ಬುದ್ಧರನ್ನು ಇದೇ ಪ್ರಶ್ನೆ ಕೇಳಿದ್ದ. ಮನುಷ್ಯನ ಸುಖದುಃಖವೆಲ್ಲ ಹಿಂದೆ ಮಾಡಿದ್ದರ ಫಲ ಎನ್ನುತ್ತಾರಲ್ಲ, ತಾವೇನು ಹೇಳುತ್ತೀರಿ ಎಂದು. ಬುದ್ಧರು ಒಪ್ಪಲಿಲ್ಲ. ಪಿತ್ತದಿಂದ, ಕಫದಿಂದ, ವಾತದಿಂದ, ಋತು ಬದಲಾಗುವುದರಿಂದ, ಹೊರಗಿನ ಪೆಟ್ಟಿನಿಂದಲೂ ನೋವು ಬರುತ್ತದೆ ಎಂದು ಎಂಟು ಕಾರಣ ಎಣಿಸಿದರು. ಕರ್ಮ ಅದರಲ್ಲಿ ಒಂದು ಮಾತ್ರ. ಎಲ್ಲವನ್ನೂ ಅದರ ತಲೆಗೇ ಕಟ್ಟುವುದು ತಪ್ಪು ಎಂದರು.

ಬಾಬಾಸಾಹೇಬರು 'ಬುದ್ಧ ಮತ್ತು ಆತನ ಧಮ್ಮ'ದಲ್ಲಿ ಇನ್ನೂ ಮುಂದೆ ಹೋಗುತ್ತಾರೆ. ಪೂರ್ವಜನ್ಮದ ಕರ್ಮವೆಂಬ ಸಿದ್ಧಾಂತದಿಂದ ಯಾರಿಗೆ ಲಾಭ ಎಂದು ಕೇಳುತ್ತಾರೆ. ಬಡವರ ಸ್ಥಿತಿಗೆ ತಾವು ಹೊಣೆಯಲ್ಲ ಎಂದು ಸರ್ಕಾರವೂ ಸಮಾಜವೂ ಕೈ ತೊಳೆದುಕೊಳ್ಳಲು ಅದು ದಾರಿಯಾಗುತ್ತದೆ ಎನ್ನುತ್ತಾರೆ. ಅವ್ವ "ನನ್ನ ಕರ್ಮ" ಅಂದಾಗ ಕೈ ತೊಳೆದುಕೊಂಡವನು ನಾನು.

*ಕಾರಣ ಹುಡುಕಿದವರು*

ನೂರು ವರ್ಷದ ಹಿಂದೆ ಸಕ್ಕರೆ ಕಾಯಿಲೆ ಬಂದ ಮಕ್ಕಳು ಬದುಕುತ್ತಿರಲಿಲ್ಲ. ಅನ್ನ ಕಡಿಮೆ ಮಾಡಿ ಉಪವಾಸ ಹಾಕಿ ಕೆಲವು ತಿಂಗಳು ಉಳಿಸಿಕೊಳ್ಳುವುದೇ ಆಗಿನ ಚಿಕಿತ್ಸೆ. 1921ರಲ್ಲಿ ಕೆನಡಾದ ಟೊರಾಂಟೊದಲ್ಲಿ, ಪ್ರೊ. ಮೆಕ್ಲಿಯೋಡ್ ಅವರ ಪ್ರಯೋಗಾಲಯದಲ್ಲಿ, ಬ್ಯಾಂಟಿಂಗ್ ಮತ್ತು ಬೆಸ್ಟ್ ಎಂಬಿಬ್ಬರು ನಾಯಿಗಳ ಮೇಲೆ ಪ್ರಯೋಗ ಮಾಡಿ ಮೇದೋಜೀರಕ ಗ್ರಂಥಿಯ ಸಾರ ತೆಗೆದರು. 1922ರ ಜನವರಿ 11ರಂದು ಅದನ್ನು ಲಿಯೊನಾರ್ಡ್ ಥಾಂಪ್ಸನ್ ಎಂಬ 14 ವರ್ಷದ ಹುಡುಗನಿಗೆ ಕೊಟ್ಟರು. ಅವನು ಧರ್ಮಾರ್ಥ ವಾರ್ಡಿನ ರೋಗಿ, ಮೂಳೆ ಚರ್ಮವಾಗಿದ್ದ. ಸಾರ ಶುದ್ಧವಿರಲಿಲ್ಲ, ಫಲ ಸಿಗಲಿಲ್ಲ. ಕಾಲಿಪ್ ಎಂಬ ವಿಜ್ಞಾನಿ ಅದನ್ನು ಶುದ್ಧ ಮಾಡಿದರು. ಜನವರಿ 23ರಂದು ಮತ್ತೆ ಕೊಟ್ಟಾಗ ಸಕ್ಕರೆ ಇಳಿಯಿತು. ಆ ಹುಡುಗ ಇನ್ನೂ 13 ವರ್ಷ ಬದುಕಿದ.

ಕಂಡುಹಿಡಿದವರು ಸಂತರೇನಲ್ಲ, ಶ್ರೇಯಸ್ಸಿಗಾಗಿ ಜಗಳವಾಡಿದರು. ಆದರೆ ಒಂದು ಕೆಲಸ ದೊಡ್ಡದು. ಬ್ಯಾಂಟಿಂಗ್, ಬೆಸ್ಟ್, ಕಾಲಿಪ್ ಮೂವರೂ ತಮ್ಮ ಪೇಟೆಂಟ್ ಹಕ್ಕನ್ನು ತಲಾ ಒಂದು ಡಾಲರಿಗೆ ಟೊರಾಂಟೊ ವಿಶ್ವವಿದ್ಯಾಲಯಕ್ಕೆ ಬರೆದುಕೊಟ್ಟರು. ಬೇರೆ ಯಾರೂ ಇದನ್ನು ತಮ್ಮೊಬ್ಬರದೇ ಸ್ವತ್ತು ಮಾಡಿಕೊಳ್ಳಬಾರದು ಎಂಬುದೇ ಉದ್ದೇಶ. ಇದನ್ನು ದಾನವೆನ್ನದೆ ಇನ್ನೇನೆನ್ನಲಿ?

ಕೆಲವು ಉಪಾಸಕರು ಇನ್ಸುಲಿನ್ ಪ್ರಾಣಿಯಿಂದ ಬರುತ್ತದಲ್ಲ ಎಂದು ಹಿಂಜರಿಯುತ್ತಾರೆ. ಆಗ ದನ, ಹಂದಿಗಳ ಗ್ರಂಥಿಯಿಂದ ತೆಗೆಯುತ್ತಿದ್ದದ್ದು ನಿಜ. 1982ರಿಂದ ಬ್ಯಾಕ್ಟೀರಿಯಾ, ಯೀಸ್ಟ್‌ಗಳಲ್ಲಿ ತಯಾರಿಸಿದ ಇನ್ಸುಲಿನ್ ಬಂದಿದೆ. ಈಗ ಅಂಗಡಿಯಲ್ಲಿ ಸಿಗುವುದು ಹೆಚ್ಚಾಗಿ ಅದೇ. ಶೀಲದ ಹೆಸರಲ್ಲಿ ಔಷಧಿ ಬಿಡಬೇಡಿ.

*ಎರಡನೆಯ ದುಃಖ*

ರೋಗ ಬರುವುದು ಒಂದು ದುಃಖ. ಮದ್ದಿದ್ದೂ ಸಿಗದಿರುವುದು ಇನ್ನೊಂದು. ಮೊದಲನೆಯದು ದೇಹದ್ದು, ಎರಡನೆಯದು ಮನುಷ್ಯರು ಮಾಡಿದ್ದು. ಒಂದು ಡಾಲರಿಗೆ ಬಿಟ್ಟುಕೊಟ್ಟ ಔಷಧಿಯ ಜಗತ್ತಿನ ಮಾರುಕಟ್ಟೆಯಲ್ಲಿ ಹೆಚ್ಚಿನ ಪಾಲು ಮೂರೇ ಕಂಪನಿಗಳ ಕೈಗೆ ಹೋಯಿತು. ಅಮೆರಿಕದಲ್ಲಿ 1996ರಲ್ಲಿ ಸುಮಾರು 21 ಡಾಲರಿದ್ದ ಹ್ಯೂಮಲಾಗ್ ಬಾಟಲಿ 2019ರ ಹೊತ್ತಿಗೆ ಸುಮಾರು 275 ಡಾಲರಾಗಿತ್ತು. ಅಷ್ಟು ಶ್ರೀಮಂತ ದೇಶದಲ್ಲೂ ಜನ ನನ್ನ ಅವ್ವನಂತೆಯೇ ಅರ್ಧರ್ಧ ಚುಚ್ಚಿಕೊಂಡರು. ಜನ ಬೀದಿಗಿಳಿದು ಕೇಳಿದರು, ಸರ್ಕಾರ ಒತ್ತಡ ಹಾಕಿತು, 2023ರಲ್ಲಿ ಕಂಪನಿಗಳು ಬೆಲೆ ಇಳಿಸಿದವು. ಇದು ಕರ್ಮವಾಗಿದ್ದರೆ ಇಳಿಯುತ್ತಿತ್ತೇ?

ನಮ್ಮ ದೇಶದಲ್ಲಿ 10 ಕೋಟಿಗೂ ಹೆಚ್ಚು ಜನರಿಗೆ ಸಕ್ಕರೆ ಕಾಯಿಲೆ ಇದೆ ಎಂದು ಐಸಿಎಂಆರ್ ಅಧ್ಯಯನ 2023ರಲ್ಲಿ ಹೇಳಿತು. ಇಲ್ಲಿ ಇನ್ಸುಲಿನ್ ಅಗತ್ಯ ಔಷಧಿಗಳ ಪಟ್ಟಿಯಲ್ಲಿದೆ, ಸರ್ಕಾರ ಬೆಲೆಗೆ ಮಿತಿ ಹಾಕಿದೆ. ಆದರೂ ದಿನಗೂಲಿಯವರ ಮನೆಯಲ್ಲಿ ಬಾಟಲಿ, ಸೂಜಿ, ರಕ್ತಪರೀಕ್ಷೆ, ಬಸ್ ಚಾರ್ಜು, ಒಂದು ದಿನದ ಕೂಲಿ ಎಲ್ಲ ಸೇರಿದರೆ ಮಿತಿಯೊಳಗೆ ಉಳಿಯುವುದಿಲ್ಲ.

ಬಾಬಾಸಾಹೇಬರಿಗೂ ಸಕ್ಕರೆ ಕಾಯಿಲೆ ಇತ್ತು, ಅವರೂ ಇನ್ಸುಲಿನ್ ತೆಗೆದುಕೊಳ್ಳುತ್ತಿದ್ದರು. ಆರಿಹೋಗುವಂತಿದ್ದ ತಮ್ಮ ಜೀವದ ದೀಪ ಮತ್ತೆ ಉರಿದದ್ದು ಪತ್ನಿ ಸವಿತಾ ಮಾಯಿ ಮತ್ತು ಡಾ. ಮಾಳವಣಕರ್ ಅವರ ಚಿಕಿತ್ಸೆಯಿಂದ, ಅದರಿಂದಲೇ ಈ ಗ್ರಂಥ ಮುಗಿಯಿತು ಎಂದು ಧಮ್ಮಗ್ರಂಥಕ್ಕೆ ಬರೆದ ಮುನ್ನುಡಿಯಲ್ಲಿ ಕೃತಜ್ಞತೆ ಹೇಳಿದ್ದಾರೆ. ನಮಗೆ ಧಮ್ಮ ಕೊಟ್ಟವರು ಕರ್ಮವೆಂದು ಸುಮ್ಮನೆ ಕೂರಲಿಲ್ಲ, ವೈದ್ಯರ ಮಾತು ಕೇಳಿದರು. ಅವ್ವನಿಗೆ ಇದನ್ನೇ ಹೇಳಿದೆ. "ಬಾಬಾಸಾಹೇಬರೂ ಸೂಜಿ ಚುಚ್ಚಿಸ್ಕೊಂಡ್ರಾ?" ಎಂದು ಎರಡು ಸಲ ಕೇಳಿದಳು. ಆಮೇಲೆ ಒಂದು ದಿನವೂ ಡೋಸು ಕಡಿಮೆ ಮಾಡಲಿಲ್ಲ.

*ಇಂದಿನ ಆಚರಣೆ*

ಅತಿಸಾರದಿಂದ ತನ್ನ ಹೊಲಸಿನಲ್ಲೇ ಬಿದ್ದಿದ್ದ ಭಿಕ್ಷುವನ್ನು ಬುದ್ಧರು ಆನಂದರೊಡನೆ ಸೇರಿ ತಮ್ಮ ಕೈಯಾರೆ ತೊಳೆದು ಮಲಗಿಸಿದರು. ನಿಮಗಿಲ್ಲಿ ತಾಯಿತಂದೆ ಇಲ್ಲ, ಒಬ್ಬರನ್ನೊಬ್ಬರು ನೋಡಿಕೊಳ್ಳದಿದ್ದರೆ ಯಾರು ನೋಡಿಕೊಳ್ಳುತ್ತಾರೆ ಎಂದು ಸಂಘವನ್ನು ಕೇಳಿದರು. ಭಿಕ್ಷುವಿಗೆ ಬೇಕಾದ ನಾಲ್ಕರಲ್ಲಿ ಬಟ್ಟೆ, ಅನ್ನ, ನೆಲೆಯ ಜೊತೆ ಔಷಧಿಯನ್ನೂ ಸೇರಿಸಿದರು.

ಆದ್ದರಿಂದ ಇವತ್ತು ನಾವು ಮೂರು ಕೆಲಸ ಮಾಡೋಣ.

1. ಮನೆಯಲ್ಲಿ, ಓಣಿಯಲ್ಲಿ ಸಕ್ಕರೆ ಕಾಯಿಲೆ ಇರುವ ಒಬ್ಬರನ್ನು ಕೇಳಿ: "ಔಷಧಿ ಪೂರ್ತಿ ತಗೋತಿದ್ದೀರಾ? ದುಡ್ಡು ಸಾಲ್ತಿದೆಯಾ?" ನಾಚಿಕೆಯಿಂದ ಅವರಾಗಿ ಹೇಳುವುದಿಲ್ಲ.

2. ತಾಲ್ಲೂಕು ಅಥವಾ ಜಿಲ್ಲಾ ಆಸ್ಪತ್ರೆಯ ಎನ್‌ಸಿಡಿ ಕ್ಲಿನಿಕ್‌ಗೆ ಅವರ ಜೊತೆ ಹೋಗಿ. ಇನ್ಸುಲಿನ್ ಇಲ್ಲವೆಂದರೆ ಸುಮ್ಮನೆ ಹಿಂದಿರುಗಬೇಡಿ, ಲಿಖಿತವಾಗಿ ಅರ್ಜಿ ಕೊಡಿ. ಅದು ಭಿಕ್ಷೆಯಲ್ಲ, ಹಕ್ಕು.

3. ವೈದ್ಯರನ್ನು ಕೇಳದೆ ಡೋಸು ಬದಲಿಸಬೇಡಿ, ನಿಲ್ಲಿಸಬೇಡಿ.

ಈ ಸಲದ ಪೂರ್ಣಿಮೆಗೆ ಪೆಂಡಾಲು ಸ್ವಲ್ಪ ಚಿಕ್ಕದಾದರೂ ಪರವಾಗಿಲ್ಲ, ಔಷಧಿ ದಾನದ ಡಬ್ಬಿಯೊಂದು ಇಡೋಣ ಎಂದು ಭಾನುವಾರ ಪ್ರಸ್ತಾಪ ಮಾಡುತ್ತೇನೆ. ದಯವಿಟ್ಟು ಬನ್ನಿ.

ಎಲ್ಲರಿಗೂ ಮಂಗಳವಾಗಲಿ.
ನಮೋ ಬುದ್ಧಾಯ, ಜೈ ಭೀಮ್ 🙏