ಹಗೇವಿನ ಬಾಯಿ

ನನ್ನಂಥ ಸಾಹಿತ್ಯದವನನ್ನು ಕೆಣಕುವುದೆಂದರೆ ನಮ್ಮ ಕಾಲೇಜಿನ ಭೌತಶಾಸ್ತ್ರದ ಮಿತ್ರರಿಗೆ ಬಲು ಪ್ರೀತಿ. ಮೊನ್ನೆ ಚಹ ಕುಡಿಯುತ್ತ, “ಬೇಸಗೆಯ ಬಿಸಿಲನ್ನು ನೆಲದೊಳಗೆ ಹೂತಿಟ್ಟು ಚಳಿಗಾಲದಲ್ಲಿ ತೆಗೆಯುತ್ತಾರೆ, ಗೊತ್ತೇನು?” ಎಂದರು. ಇದು ಯಾವುದೋ ಕವಿಸಮಯವೆಂದು ನಾನು ನಕ್ಕೆ. ಅವರು ನಗಲಿಲ್ಲ.

ಆಸ್ಟ್ರಿಯಾ ದೇಶದ ಮಾತಂತೆ ಅದು. ಅಲ್ಲಿ ಬೇಸಗೆಯ ಹಗಲು ದೀರ್ಘ. ಚಳಿಗಾಲದ ಹಗಲು ಗಿಡ್ಡ. ಬಿಸಿಲಿದ್ದಾಗ ವಿದ್ಯುತ್ತು ಬೇಕಾದುದಕ್ಕಿಂತ ಹೆಚ್ಚು, ಬೇಕಾದಾಗ ಬಿಸಿಲಿಲ್ಲ. ಬ್ಯಾಟರಿಗಳು ಹಗಲಿನದನ್ನು ರಾತ್ರಿಗೆ ಮುಟ್ಟಿಸಬಲ್ಲವು. ಜೂನ್ ತಿಂಗಳಿನದನ್ನು ಜನವರಿಗೆ ಮುಟ್ಟಿಸುವಷ್ಟು ಬ್ಯಾಟರಿ ಕೊಳ್ಳುವುದು ಕುಬೇರನಿಗೂ ಕಷ್ಟವೇ. ಆದ್ದರಿಂದ ಮಿಕ್ಕ ವಿದ್ಯುತ್ತಿನಿಂದ ನೀರನ್ನು ಒಡೆದು ಜಲಜನಕ ತೆಗೆಯುತ್ತಾರೆ. ಹಿಂದೊಮ್ಮೆ ನೈಸರ್ಗಿಕ ಅನಿಲವಿದ್ದು ಬರಿದಾದ ಮರಳುಗಲ್ಲಿನ ಪದರದೊಳಕ್ಕೆ ಅದನ್ನು ಒತ್ತಿ ತುಂಬುತ್ತಾರೆ. ರೂಬೆನ್ಸ್‌ಡಾರ್ಫ್ ಎಂಬಲ್ಲಿ 2023ರಲ್ಲಿ ಈ ಪ್ರಯೋಗ ಮೊದಲಾಯಿತು. ಜಲಜನಕವನ್ನು ನೆಲದಡಿ ಇಡುವುದೇನೂ ಹೊಸತಲ್ಲ. ಇಂಗ್ಲೆಂಡಿನ ಟೀಸೈಡ್‌ನಲ್ಲಿ ಉಪ್ಪಿನ ಪದರವನ್ನು ನೀರಿನಿಂದ ಕರಗಿಸಿ ಮಾಡಿದ ಮೂರು ಗುಹೆಗಳಲ್ಲಿ, ಕಾರ್ಖಾನೆಗಳ ಉಪಯೋಗಕ್ಕಾಗಿ, 1972ರಿಂದಲೇ ಇಡುತ್ತ ಬಂದಿದ್ದಾರೆ.

ಆ ಇಸವಿ ಕೇಳಿ ನಾನು ಚಹದ ಲೋಟ ಕೆಳಗಿಟ್ಟೆ. ನಮ್ಮ ಮನೆಯಲ್ಲಿ 1972 ಎಂದರೆ ಬರ.

ವಿಜಾಪುರದ ಕಡೆಯ ನಮ್ಮೂರಿನಲ್ಲಿ ಅಜ್ಜನ ಹಗೇವು ಇತ್ತು. ಪಟ್ಟಣದ ವಾಚಕರಲ್ಲಿ ಕೆಲವರು ಹಗೇವು ನೋಡಿರಲಿಕ್ಕಿಲ್ಲ. ಅದು ಅಂಗಳದಲ್ಲಿ ತೋಡಿದ ಆಳವಾದ ಗುಂಡಿ. ಹೊಟ್ಟೆ ದೊಡ್ಡದು, ಬಾಯಿ ಒಬ್ಬ ಮನುಷ್ಯ ಇಳಿಯುವಷ್ಟೇ. ಸುತ್ತ ಹುಲ್ಲು ಹೊದಿಸಿ, ಜೋಳ ತುಂಬಿ, ಚಪ್ಪಡಿ ಎಳೆದು ಮಣ್ಣು ಮೆತ್ತಿದರೆ ವರ್ಷಗಟ್ಟಲೆ ಚಿಂತೆಯಿಲ್ಲ. ತೆರೆದ ಕೂಡಲೆ ಇಳಿಯುವಂತಿಲ್ಲ. ಒಳಗಿನ ಗಾಳಿ ಕೆಟ್ಟಿರುತ್ತದೆ. ದೀಪ ಇಳಿಬಿಟ್ಟು, ಆರದಿದ್ದರೆ ಮಾತ್ರ ಮನುಷ್ಯ.

ಆ ವರ್ಷ ಅಜ್ಜ ಚಪ್ಪಡಿ ತೆಗೆಯಲಿಲ್ಲ. ಸುಗ್ಗಿಯಲ್ಲಿ ಆ ಹಗೇವನ್ನು ತುಂಬಿದ ಆಳುಮಗನೇ ಬಂದು ಬಾಗಿಲಲ್ಲಿ ನಿಂತ. ಅಡಿಗೆಮನೆಯಿಂದ ಎರಡು ಸೇರು ಕೊಡಿಸಿ, “ಮುಂದಿನ ವರ್ಷವೂ ಮಳೆ ಬಾರದಿದ್ದರೆ?” ಎಂದರಂತೆ ಅಜ್ಜ. ಅವನು ಹೆಂಡತಿ ಮಕ್ಕಳನ್ನು ಕಟ್ಟಿಕೊಂಡು ಸೊಲ್ಲಾಪುರದ ದಾರಿ ಹಿಡಿದ, ತಿರುಗಿ ಬರಲಿಲ್ಲ. ಮರುವರ್ಷ ಮಳೆಯಾಯಿತು. ಹಗೇವು ತೆರೆದಾಗ ಗೋಡೆಗೆ ತಾಗಿದ ಜೋಳ ಕಪ್ಪಾಗಿತ್ತು, ನಡುವಿನದು ಚೆನ್ನಾಗಿತ್ತು, ಮಾರಿದರು. ಇದನ್ನು ಅಪ್ಪ ನನಗೆ ಒಂದೇ ಸಲ ಹೇಳಿದ್ದು.

ಮಿತ್ರರಿಗೆ ಜಲಜನಕದ ವಿಷಯದಲ್ಲಿ ಇದ್ದ ಆಕ್ಷೇಪ ಬೇರೆ. ನೂರು ಪಾಲು ವಿದ್ಯುತ್ತು ಒಳಗೆ ಹಾಕಿದರೆ, ಮತ್ತೆ ವಿದ್ಯುತ್ತಾಗಿ ಕೈಗೆ ಬರುವುದು ಸುಮಾರು 30ರಿಂದ 40 ಪಾಲು. ಚೆಕ್ ನಾಡಿನ ಲೋಬೋಡಿತ್ಸೆಯಲ್ಲಿ ಹಿಂದೆ ನೆಲದಡಿ ಇಟ್ಟ ಊರುಅನಿಲದೊಳಗಿನ ಜಲಜನಕವನ್ನು ಸೂಕ್ಷ್ಮಜೀವಿಗಳು ತಿಂದು ಮೀಥೇನ್ ಮಾಡಿಬಿಟ್ಟಿದ್ದವಂತೆ. “ಇಷ್ಟು ನಷ್ಟಪಟ್ಟು ಕೂಡಿಡುವುದು ನ್ಯಾಯವೇ?” ಎಂದು ಅವರ ಪ್ರಶ್ನೆ. ನನಗೆ ಇದು ಅಷ್ಟು ದೊಡ್ಡದಾಗಿ ಕಾಣಲಿಲ್ಲ. ಜೂನ್‌ನಲ್ಲಿ ಯಾರಿಗೂ ಬೇಡವಾದ ಬಿಸಿಲು ಹಾಗೆಯೇ ಬಿಟ್ಟರೆ ಇಡಿಯೇ ನಷ್ಟ. ಗೋಡೆಯ ಪಾಲನ್ನು ಗೋಡೆಗೆ ಬಿಟ್ಟೇ ಹಗೇವು ಕಟ್ಟುವುದು.

ಅವರು ಹೇಳಿದ ಇನ್ನೊಂದು ಸಂಗತಿ ಮಾತ್ರ ನನ್ನನ್ನು ಹಿಡಿದು ನಿಲ್ಲಿಸಿತು. ಇಂಥ ಉಗ್ರಾಣದಲ್ಲಿ ತುಂಬಿದ್ದೆಲ್ಲವನ್ನೂ ತೆಗೆಯುವ ಹಾಗಿಲ್ಲ. ಒಂದು ಪಾಲು ಯಾವಾಗಲೂ ಒಳಗೇ ಇರಬೇಕು. ಅದರ ಒತ್ತಡವಿಲ್ಲದೆ ಉಳಿದದ್ದು ಮೇಲೆ ಬಾರದು. ಉಪ್ಪಿನ ಗುಹೆಯಲ್ಲಿ ಅದು ಸುಮಾರು ಮೂರರಲ್ಲೊಂದು ಪಾಲು; ಮರಳುಗಲ್ಲಿನಲ್ಲಿ ಇನ್ನೂ ಹೆಚ್ಚು. ಒಂದು ಕ್ಷಣ ನನಗೆ ಅಜ್ಜನ ಪರ ವಕೀಲಿ ಮಾಡಬೇಕೆನಿಸಿತು. ಬಿತ್ತನೆಯ ಕಾಳು ಅದೇ ಅಲ್ಲವೆ? ಬಿತ್ತನೆಯದನ್ನೂ ಉಂಡುಬಿಟ್ಟರೆ, ಮಳೆ ಬಂದಾಗ ಹೊಲಕ್ಕೆ ಏನು ಹಾಕುವುದು?

ಆದರೆ ಎಂಜಿನಿಯರು ಆ ಪಾಲು ಎಷ್ಟೆಂದು ಲೆಕ್ಕ ಹಾಕುತ್ತಾನೆ. ಒಳಗೆ ಎಷ್ಟು ಚೀಲವಿತ್ತೆಂದು ನಾನು ಅಪ್ಪನನ್ನು ಕೇಳಿದ್ದೆ. “ಎಣಿಸಿರಲಿಲ್ಲ” ಎಂದರು. ಎಣಿಸಿದ್ದರೆ ಬಿತ್ತನೆಗೆ ಇಷ್ಟು, ಮನೆಗೆ ಇಷ್ಟು ಎಂದು ಕಳೆದ ಮೇಲೆ, ಬಾಗಿಲಲ್ಲಿ ನಿಂತವನಿಗೆ ಎಷ್ಟು ಎಂಬುದೂ ತಾನಾಗಿ ಹೊರಬೀಳುತ್ತಿತ್ತು. ಅಜ್ಜನಿಗೆ ಅದು ಬೇಡವಾಗಿತ್ತೆಂದು ನನ್ನ ಗುಮಾನಿ.

ತುಂಬುವುದಕ್ಕೆ ಕಾನೂನು ಮಾಡುವುದು ಸುಲಭ. 2022ರಲ್ಲಿ ಐರೋಪ್ಯ ಒಕ್ಕೂಟ ತನ್ನ ನೈಸರ್ಗಿಕ ಅನಿಲದ ಉಗ್ರಾಣಗಳನ್ನು ನವೆಂಬರ್ 1ರೊಳಗೆ ನೂರಕ್ಕೆ 80ರಷ್ಟು ತುಂಬಲೇಬೇಕೆಂದು ವಿಧಿಸಿತು. ತೆರೆಯುವ ಮಾತೇ ಬೇರೆ. ಕೊರತೆ ಹೆಚ್ಚಿದಷ್ಟೂ ಬೆಲೆ ಹೆಚ್ಚು. ಚಪ್ಪಡಿಯ ಮೇಲೆ ಕುಳಿತವನಿಗೆ ಇನ್ನೊಂದು ವಾರ ಕಾಯೋಣ ಎನಿಸುವುದು ಸಹಜ. ನಾಳೆ ಜಲಜನಕದ ಗುಹೆಗಳಿಗೂ ಒಬ್ಬ ಒಡೆಯನಿರುತ್ತಾನೆ. ಎಷ್ಟು ಚಳಿಗೆ, ಯಾರ ಚಳಿಗೆ ಬಾಯಿ ತೆರೆಯಬೇಕೆಂಬುದನ್ನು ತುಂಬುವ ಮೊದಲೇ ಬರೆದಿಡಬೇಕೆಂದು ಮಿತ್ರರಿಗೆ ಹೇಳಿದೆ. ಅದು ತಮ್ಮ ಶಾಸ್ತ್ರದ ವಿಷಯವಲ್ಲವೆಂದು ಅವರು ತರಗತಿಗೆ ಎದ್ದುಹೋದರು.

ನಮ್ಮ ಹಗೇವನ್ನು ಮುಚ್ಚಿ ಬಹಳ ಕಾಲವಾಯಿತು. ಅದರ ಚಪ್ಪಡಿ ಹಿತ್ತಲಿನಲ್ಲಿ ಬಟ್ಟೆ ಒಗೆಯುವ ಕಲ್ಲಾಗಿದೆ. ಅಪ್ಪ ಊರಿಗೆ ಹೋದಾಗ ಕೈಕಾಲು ತೊಳೆಯಲು ಬಾವಿಯ ಹತ್ತಿರ ಹೋಗುತ್ತಾರೆ, ಆ ಕಲ್ಲಿನ ಮೇಲೆ ನಿಲ್ಲುವುದಿಲ್ಲ.