ಅಳ್ನಾವರ, 1965

ಮನೆಯಲ್ಲಿ ಮಾದರಿ ರೈಲು ಕಟ್ಟಲು ಹೊರಟವರು ಮೊದಲು ಜಾಗ ಹುಡುಕುತ್ತಾರೆ. ಅದು ಹೇಗೋ ಸಿಗುತ್ತದೆ. ಪುಣೆಯ ನಮ್ಮ ಎರಡು ಕೋಣೆಯ ಫ್ಲ್ಯಾಟಿನಲ್ಲೂ ಮಂಚದ ಪಕ್ಕದ ಗೋಡೆಗೆ ಎಂಟಡಿ ಉದ್ದದ, ಎರಡೂವರೆ ಅಡಿ ಅಗಲದ ಪ್ಲೈವುಡ್ ಹಲಗೆಯೊಂದು ಕೂತಿತು. ಕಷ್ಟದ್ದು ಇಸವಿ.

'ಹಳೆಯ ಕಾಲದ ರೈಲು' ಅಂದರೆ ಸಾಲದು. ಎಂಜಿನ್ನಿನ ಹಿಂದಿನ ಟೆಂಡರಿನ ಮೇಲೆ ಯಾವ ಅಕ್ಷರ ಬರೆಯಬೇಕು ಎನ್ನುವಲ್ಲಿಗೆ ಬಂದಾಗ ಹಳೆಯ ಕಾಲ ಚೂರುಚೂರಾಗುತ್ತದೆ. ಹುಬ್ಬಳ್ಳಿ–ಲೋಂಡಾ ಮೀಟರ್ ಗೇಜ್ ಹಳಿ ಮೊದಲು ಸದರ್ನ್ ಮರಾಠಾ ರೈಲ್ವೆಯದ್ದು. 1908ರಿಂದ ಮದ್ರಾಸ್ ಅಂಡ್ ಸದರ್ನ್ ಮರಾಠಾ ರೈಲ್ವೆಯದ್ದು. 1951ರಿಂದ ದಕ್ಷಿಣ ರೈಲ್ವೆ, 1966ರ ಅಕ್ಟೋಬರಿನಿಂದ ದಕ್ಷಿಣ ಮಧ್ಯ ರೈಲ್ವೆ. ನಾನು ಆರಿಸಿಕೊಂಡಿದ್ದು 1965, ಊರು ಅಳ್ನಾವರ. ಧಾರವಾಡ ದಾಟಿ ಬಯಲು ಮುಗಿದು ಕಾಡು ಶುರುವಾಗುವ ಕಡೆ, ದಾಂಡೇಲಿಗೆ ಒಂದು ಕವಲು ಹಳಿ ಒಡೆಯುವ ಜಂಕ್ಷನ್. ಕಾಡಿನ ದಿಮ್ಮಿ ಇಳಿದು ಬರುತ್ತಿದ್ದ ದಾರಿ ಅದು. ದಾಂಡೇಲಿಗೆ ಕಾಗದದ ಕಾರ್ಖಾನೆ ಬಂದು ಆಗ ಹೆಚ್ಚು ಕಾಲವಾಗಿರಲಿಲ್ಲ. ಮೂರನೇ ದರ್ಜೆ ಎನ್ನುವುದು ಇನ್ನೂ ಇತ್ತು, ಅದು ಹೋದದ್ದು 1974ರಲ್ಲಿ. ಟೆಂಡರಿನ ಮೇಲೆ 'ಎಸ್.ಆರ್.' ಎಂದು ಬರೆಯಲು ಉಳಿದಿದ್ದ ಕೊನೆಯ ಪೂರ್ತಿ ವರ್ಷವೂ ಅದೇ.

1965ರಲ್ಲಿ ನಾನು ಹುಟ್ಟಿರಲಿಲ್ಲ. ದಾಂಡೇಲಿಯ ಅತ್ತೆಯ ಮನೆಗೆ ಹೋಗುವಾಗ ಅಳ್ನಾವರದಲ್ಲಿ ಉಗಿ ಎಂಜಿನ್ ನೋಡಿದ್ದು ಆಮೇಲೆ, ಎಂಬತ್ತರ ದಶಕದಲ್ಲಿ. ಅಷ್ಟರಲ್ಲಿ ಅದು ಮುದಿಯಾಗಿತ್ತು. 1992ರಲ್ಲಿ ದೇಶಕ್ಕೆಲ್ಲ ಒಂದೇ ಗೇಜ್ ಎಂಬ ಯೋಜನೆ ಬಂತು, ಆ ದಶಕದಲ್ಲೇ ಅಲ್ಲಿಯ ಸಣ್ಣ ಹಳಿ ಕಿತ್ತು ದೊಡ್ಡ ಹಳಿ ಹಾಕಿದರು. ನಾನೂ ಆಗಲೇ ಊರು ಬಿಟ್ಟೆ. ಹೊರಗಿರುವ ನಮ್ಮಲ್ಲಿ ಬಹಳ ಜನರ ತಲೆಯೊಳಗೆ ಊರಿನದೊಂದು ಮಾದರಿ ಇರುತ್ತದೆ. ಅದರ ಇಸವಿ ಸಾಮಾನ್ಯವಾಗಿ ನಾವು ಬಸ್ಸು ಹತ್ತಿದ ವರ್ಷ. ನನ್ನದು ಪ್ಲೈವುಡ್ಡಿನ ಮೇಲೆ ಇದೆ, ಇಸವಿ ಇನ್ನೂ ಹಿಂದಕ್ಕೆ ಸರಿದಿದೆ, ಅಷ್ಟೇ ವ್ಯತ್ಯಾಸ.

ಮಾದರಿ ಎಂದಮೇಲೆ ಸುಳ್ಳು ಇದ್ದದ್ದೇ. ನನ್ನ ಅಳತೆ ಒಂದಕ್ಕೆ ಎಂಬತ್ತೇಳು. ಅಳ್ನಾವರದಿಂದ ದಾಂಡೇಲಿಗೆ ಸುಮಾರು 32 ಕಿಲೋಮೀಟರ್. ಅದನ್ನು 87ರಿಂದ ಭಾಗಿಸಿದರೆ 368 ಮೀಟರ್. ನಮ್ಮ ಸೊಸೈಟಿಯ ಕಾಂಪೌಂಡಿನ ಸುತ್ತ ಹಳಿ ಹಾಕಿದರೂ ದಾಂಡೇಲಿ ಬರುವುದಿಲ್ಲ. ಹಾಗಾಗಿ ನನ್ನ ದಾಂಡೇಲಿ ಕಪಾಟಿನ ಹಿಂದೆ, ಒಂದು ಪರದೆಯಾಚೆ ಇದೆ. ಮೀಟರ್ ಗೇಜನ್ನು 87ರಿಂದ ಭಾಗಿಸಿದರೆ ಹಳಿಗಳ ನಡುವೆ 11.5 ಮಿಲಿಮೀಟರ್ ಬರಬೇಕು. ಪೇಟೆಯಲ್ಲಿ ಸಿಗುವುದು 12 ಮಿಲಿಮೀಟರಿನದು, ಅದೂ ಬೇರೆ ಅಳತೆಯ ರೈಲಿಗೆಂದು ಮಾಡಿದ್ದು. ಎಂಜಿನ್ ವೈ.ಪಿ. ಜಾತಿಯದು: ಮುಂದೆ ನಾಲ್ಕು ಸಣ್ಣ ಚಕ್ರ, ನಡುವೆ ಆರು ದೊಡ್ಡವು, ಹಿಂದೆ ಎರಡು. ನಾನು ಹುಡುಕಿದ ಕಡೆಯೆಲ್ಲೂ ಅದು ಸಿದ್ಧವಾಗಿ ಸಿಗಲಿಲ್ಲ. ಒಂದಕ್ಕೆ ನೂರಿಪ್ಪತ್ತು ಅಳತೆಯ ವಿಲಾಯತಿ ಎಂಜಿನ್ನೊಂದರ ಚಾಸಿ ತರಿಸಿ, ಅದರ ಮೇಲೆ ಹಿತ್ತಾಳೆ ತಗಡು ಮತ್ತು ಪ್ಲಾಸ್ಟಿಕ್ ಹಾಳೆಯಲ್ಲಿ ವೈ.ಪಿ.ಯ ಮೈ ಕಟ್ಟಿದೆ. ನಿಜವಾದ ವೈ.ಪಿ.ಯ ದೊಡ್ಡ ಚಕ್ರ ನಾಲ್ಕೂವರೆ ಅಡಿ. ನನ್ನ ಅಳತೆಯಲ್ಲಿ 15.8 ಮಿಲಿಮೀಟರ್ ಇರಬೇಕಾದದ್ದು ಒಂದು ಮಿಲಿಮೀಟರಿನಷ್ಟು ದೊಡ್ಡದಾಗಿದೆ.

ಈ ಬಗೆಯ ರಾಜಿಗಳ ಪಟ್ಟಿಯನ್ನು ಯಾವ ಮಾದರಿಗಾರನನ್ನು ಕೇಳಿದರೂ ಕೊಡುತ್ತಾನೆ. ಕೇಳದಿದ್ದರೂ ಕೊಡುತ್ತಾನೆ, ನೋಡಿದಿರಲ್ಲ. ಆದರೆ ಯಾರನ್ನು ಮಾಡಲಿಲ್ಲ, ಏನನ್ನು ಬಿಟ್ಟೆ ಎನ್ನುವ ಪಟ್ಟಿಯನ್ನು ಯಾರೂ ಇಟ್ಟಿರುವುದಿಲ್ಲ. ನನ್ನ ತಕರಾರು ಇಲ್ಲಿಂದ ಶುರುವಾಗುತ್ತದೆ.

'ಇದೊಂದು ಆಟಿಕೆ, ಇದಕ್ಕೆ ಇಷ್ಟೆಲ್ಲ ಯಾಕೆ?' ಎಂದು ಆಫೀಸಿನ ಗೆಳೆಯರು ಕೇಳುತ್ತಾರೆ. ಒಪ್ಪಬಹುದಾದ ಮಾತು, ಕೆಲವು ರೈಲುಗಳ ಮಟ್ಟಿಗೆ. ಪುಣೆಯಲ್ಲಿರುವವರು ಕೋಥ್ರೂಡಿನ ಜೋಶಿಯವರ ಮಿನಿಯೇಚರ್ ರೈಲ್ವೆ ಮ್ಯೂಸಿಯಂ ನೋಡಿರುತ್ತೀರಿ. 1998ರಲ್ಲಿ ತೆರೆದದ್ದು. ದೀಪ ಆರಿಸಿ ಇಡೀ ಪುಟ್ಟ ನಗರವನ್ನು ಬೆಳಗಿಸಿದಾಗ ಮಕ್ಕಳಿಗಿಂತ ಮೊದಲು ಅಪ್ಪಂದಿರು ಉದ್ಗಾರ ತೆಗೆಯುತ್ತಾರೆ. ನಾನು ಎಷ್ಟು ಸಲ ಹೋಗಿದ್ದೇನೋ ಲೆಕ್ಕವಿಲ್ಲ. ಆ ನಗರ ಯಾವ ಊರೂ ಅಲ್ಲ, ಯಾವ ಇಸವಿಯೂ ಅಲ್ಲ. ಅದು ಕಲ್ಪನೆ, ಅದಕ್ಕೆ ಯಾರ ಋಣವೂ ಇಲ್ಲ. ಆದರೆ ನಿಲ್ದಾಣದ ಹಲಗೆಯ ಮೇಲೆ ಮೂರು ಭಾಷೆಯಲ್ಲಿ 'ಅಳ್ನಾವರ' ಎಂದು ಬರೆದು, ಒಳಗೆ 1965ರ ಕ್ಯಾಲೆಂಡರ್ ತೂಗುಹಾಕಿದ ಮೇಲೆ ನಾನು ಒಂದು ಊರಿನ ಬಗ್ಗೆ ಹೇಳಿಕೆ ಕೊಟ್ಟ ಹಾಗಾಯಿತು. ಚಕ್ರ ಒಂದು ಮಿಲಿಮೀಟರ್ ಹೆಚ್ಚಾಯಿತೆಂದು ನಿದ್ದೆಗೆಡುವವನು ಮನುಷ್ಯರ ವಿಷಯ ಬಂದಾಗ 'ಇದು ಆಟಿಕೆ ಅಲ್ಲವೇ' ಎಂದು ಜಾರಿಕೊಂಡರೆ ಯಾವ ನ್ಯಾಯ?

ಇನ್ನೊಂದು ಲೆಕ್ಕವಿದೆ. ಮಾದರಿಯನ್ನು ಎರಡಡಿ ದೂರದಿಂದ ನೋಡುವುದೆಂದರೆ, ನಿಜವಾದದ್ದನ್ನು ಐವತ್ತು ಮೀಟರಿಗೂ ಹೆಚ್ಚು ದೂರ ನಿಂತು ನೋಡಿದ ಹಾಗೆ. ಅಷ್ಟು ದೂರಕ್ಕೆ ಮುಖದ ಭಾವ ಕಾಣುವುದಿಲ್ಲ, ವಾಸನೆ ಬರುವುದಿಲ್ಲ. ದೂರದ ಬೆಟ್ಟ ನುಣ್ಣಗೆ ಎನ್ನುತ್ತೇವಲ್ಲ, ಆ ನುಣುಪು ನನ್ನ ಹಲಗೆಯ ಮೇಲೆ ಅಳತೆಯಿಂದಲೇ ಬಂದುಬಿಟ್ಟಿದೆ. ಹಳೆಯದನ್ನು ಸಣ್ಣದಾಗಿ ಮಾಡಿದರೆ ಸಾಕು, ಅದು ತಾನಾಗಿ ಚೆಂದವಾಗುತ್ತದೆ. ನಾನು ಸುಳ್ಳು ಹೇಳಲೇಬೇಕೆಂದಿಲ್ಲ.

ಐದು ವರ್ಷ ಹಳಿಗೆ 12 ವೋಲ್ಟಿನ ಡಿ.ಸಿ. ವಿದ್ಯುತ್ ಹರಿಯುತ್ತಿತ್ತು. ಆ ಪದ್ಧತಿಯಲ್ಲಿ ವಿದ್ಯುತ್ ಇರುವ ಹಳಿಯ ಮೇಲೆ ಎಷ್ಟು ಎಂಜಿನ್ ಇವೆಯೋ ಎಲ್ಲ ಒಟ್ಟಿಗೆ ಓಡುತ್ತವೆ. ಆದ್ದರಿಂದ ಹಳಿಯನ್ನು ಆರು ತುಂಡು ಮಾಡಿ, ಒಂದೊಂದಕ್ಕೂ ಒಂದು ಸ್ವಿಚ್ ಇಟ್ಟು, ಒಂದು ಗಾಡಿ ಜಾಗ ಬಿಡುವ ತನಕ ಇನ್ನೊಂದನ್ನು ನಿಲ್ಲಿಸಿಕೊಳ್ಳಬೇಕು. ಗೋಳೇ ಸರಿ. ಆದರೆ ಒಂಟಿ ಹಳಿಯ ಮೇಲೆ ನಿಜವಾದ ಸ್ಟೇಷನ್ ಮಾಸ್ತರರ ಗೋಳೂ ಅದೇ ಆಗಿತ್ತು. ಮುಂದಿನ ನಿಲ್ದಾಣದವರು ಒಪ್ಪಿದ ಮೇಲೆ ಯಂತ್ರದಿಂದ ಒಂದು ಲೋಹದ ಚೆಂಡು ಹೊರಗೆ ಬರುತ್ತಿತ್ತು. ನೀಲ್ಸ್ ಬಾಲ್ ಟೋಕನ್ ಎನ್ನುತ್ತಿದ್ದರು. ಅದನ್ನು ಚರ್ಮದ ಚೀಲದಲ್ಲಿಟ್ಟು, ಬಳೆಯಂಥ ಹಿಡಿಕೆ ಕಟ್ಟಿ ಡ್ರೈವರನ ಕೈಗೆ ಕೊಟ್ಟರೆ ಮಾತ್ರ ಗಾಡಿ ಹೊರಡಬಹುದು.

ಹೋದ ವರ್ಷ ಎಲ್ಲವನ್ನೂ ಡಿಜಿಟಲ್ ಮಾಡಿದೆ. ಈಗ ಪ್ರತಿ ಎಂಜಿನ್ನಿನೊಳಗೂ ಒಂದು ಚಿಪ್, ಅದಕ್ಕೊಂದು ನಂಬರು. ಹಳಿಗೆ ಸದಾ ವಿದ್ಯುತ್, ಕರೆದ ಎಂಜಿನ್ ಮಾತ್ರ ಓಡುತ್ತದೆ. ಕೈಮರಗಳಲ್ಲಿ ಸೀಮೆಎಣ್ಣೆ ದೀಪದ ಲೆಕ್ಕಕ್ಕೆ ಅಕ್ಕಿಕಾಳಿನಷ್ಟು ಎಲ್‌ಇಡಿ. ಚಿಪ್ಪಿನೊಳಗೆ ಶಿಳ್ಳೆ ಇದೆ, ಉಗಿಯ ಉಸಿರಿದೆ, ಸಲಿಕೆ ಕಲ್ಲಿದ್ದಲಿಗೆ ಇಳಿಯುವ ಸದ್ದೂ ಇದೆ. ಬೆಂಕಿ ಇಲ್ಲದೆ ಬೆಂಕಿಯ ಸದ್ದು. ಆರು ಸ್ವಿಚ್ಚುಗಳು ಹೋದವು, ಜೊತೆಗೆ ಕಾಯುವ ಕೆಲಸವೂ ಹೋಯಿತು. ಇದು ನನಗೆ ಸರಿಬರಲಿಲ್ಲ. ಒಂದು ಗಾಜಿನ ಗೋಲಿ, ಎರಡು ಸಣ್ಣ ಬಟ್ಟಲು ಇಟ್ಟುಕೊಂಡೆ. ಗೋಲಿ ಕೈಯಲ್ಲಿಲ್ಲದೆ ಗಾಡಿ ಬಿಡುವಂತಿಲ್ಲ. ಯಂತ್ರ ಮರೆತ ನಿಯಮವನ್ನು ಕೈ ನೆನಪಿಟ್ಟುಕೊಳ್ಳಬೇಕು, ಅಷ್ಟೇ.

ಪಕ್ಕದ ಕಟ್ಟಡದಲ್ಲಿ ಮಗನ ಮನೆಯಲ್ಲಿರುವ ಹಿರಿಯರೊಬ್ಬರು ಒಮ್ಮೆ ನೋಡಲು ಬಂದರು. 1969ರಲ್ಲಿ ಹುಬ್ಬಳ್ಳಿ ಶೆಡ್ಡಿಗೆ ಸೇರಿದವರು, ಫೈರ್‌ಮನ್ ಆಗಿದ್ದವರು. ನಾನು ಕಾಕಾ ಎನ್ನುತ್ತೇನೆ. ಎಂಜಿನ್ನಿಗೆ ನಾನು ಬಹಳ ಮುತುವರ್ಜಿಯಿಂದ ಕೊಳೆ ಬಳಿದಿದ್ದೆ: ಸೀಮೆಸುಣ್ಣದ ಪುಡಿ, ತೆಳು ಮಾಡಿದ ತುಕ್ಕಿನ ಬಣ್ಣ, ಎಣ್ಣೆಯ ಜಿಡ್ಡು. ನಮ್ಮ ಹವ್ಯಾಸದಲ್ಲಿ ಇದನ್ನು ನೈಜತೆ ಎನ್ನುತ್ತಾರೆ. ಕಾಕಾ ಕನ್ನಡಕ ಏರಿಸಿ ನೋಡಿ, 'ಇಷ್ಟು ಹೊಲಸು ಎಂಜಿನ್ ನಾವು ಶೆಡ್ಡಿನಿಂದ ಹೊರಗ ಬಿಡ್ತಿದ್ದಿಲ್ಲ ತಮ್ಮಾ' ಅಂದರು. ಬೆಂಕಿಯ ಮುಂದೆ ನಿಂತು ಟನ್‌ಗಟ್ಟಲೆ ಕಲ್ಲಿದ್ದಲು ಎಸೆಯುವ ಕೆಲಸ ಅಷ್ಟು ಸ್ವಚ್ಛವಾಗಿತ್ತೇ ಕಾಕಾ ಎಂದು ಕೇಳಿದೆ. 'ಸುಟ್ಟಿದ್ದು ನನಗ ಗೊತ್ತೈತಿ. ಅದನ್ನ ಎಂಜಿನ್ ಮ್ಯಾಲೆ ಯಾಕ ಬಳೀತಿ?'

ಈ ಮಾತು ನನ್ನೊಳಗೆ ಬಹಳ ದಿನ ಓಡಾಡಿತು. ನನ್ನ ಕೊಳೆ ಪ್ಲಾಟ್‌ಫಾರ್ಮಿನ ಮೇಲೆ ನಿಂತ ಹುಡುಗ ಕಂಡದ್ದು. ಅವರ ಹೊಳಪು ನಸುಕಿನಲ್ಲಿ ಎದ್ದು ಹಿತ್ತಾಳೆ ಉಜ್ಜಿದವರದ್ದು. ಎರಡೂ ನಿಜ. ಕಷ್ಟವನ್ನು ತೋರಿಸುತ್ತೇನೆಂದು ಹೊರಟವನು ಕಷ್ಟಪಟ್ಟವರ ಹೆಮ್ಮೆಯ ಮೇಲೆ ಮಸಿ ಬಳಿಯಬಹುದು ಎನ್ನುವುದೂ ನಿಜ. ಹೊಗೆಗೂಡು, ಚಿಮಣಿಯ ಸುತ್ತ ಕಪ್ಪು ಉಳಿಸಿ, ಉಳಿದ ಮೈಯನ್ನು ಒರೆಸಿದೆ. ಹಿತ್ತಾಳೆಯ ಕೊಳವೆಗಳು ಈಗ ಮಿಂಚುತ್ತವೆ.

ಕಾಕಾ ಅವತ್ತು ಹಲಗೆಯ ಮೇಲೆ ಬೆರಳಾಡಿಸುತ್ತ ಎಲ್ಲರನ್ನೂ ನೆನೆದರು. ಡ್ರೈವರುಗಳ ಹೆಸರು, ಪಾಯಿಂಟ್ಸ್‌ಮನ್ ಹೆಸರು, ಚಹಾ ಮಾರುವವನ ಅಡ್ಡಹೆಸರು. ಹಳಿ ಬಳಿಯುವವರು ಯಾರಿದ್ದರು ಎಂದು ಕೇಳಿದೆ. 'ಇದ್ದರಪ್ಪ, ಇದ್ದರು' ಅಂದರು. ಹೆಸರು ಬರಲಿಲ್ಲ.

ರೈಲಿನ ಶೌಚಾಲಯದ ತೂತು ನೇರವಾಗಿ ಹಳಿಯ ಮೇಲೆ ತೆರೆದುಕೊಳ್ಳುತ್ತಿದ್ದ ಕಾಲ ಅದು. ಗಾಡಿ ನಿಂತಾಗ ಉಪಯೋಗಿಸಬೇಡಿ ಎಂದು ಬರೆದಿದ್ದರೂ ಜನ ಉಪಯೋಗಿಸುತ್ತಿದ್ದರು. ಗಾಡಿ ಹೋದ ಮೇಲೆ ಒಬ್ಬರು ಪೊರಕೆ, ಬಕೆಟ್ಟು ಹಿಡಿದು ಹಳಿಗಿಳಿಯುತ್ತಿದ್ದರು. ಆ ಕೆಲಸ ಯಾರ ಪಾಲಿಗೆ ಬರಬೇಕೆಂದು ಗೊತ್ತು ಮಾಡುತ್ತಿದ್ದದ್ದು ಜಾತಿ. ಮಲ ಹೊರುವ ಕೆಲಸವನ್ನು ನಿಷೇಧಿಸಿ 1993ರಲ್ಲಿ ಒಂದು ಕಾನೂನು ಬಂತು, ಸಾಲದೆ 2013ರಲ್ಲಿ ಇನ್ನೊಂದು. ಬೋಗಿಗಳ ಕೆಳಗೆ ಜೈವಿಕ ಶೌಚಾಲಯದ ತೊಟ್ಟಿಗಳು ಬಂದದ್ದು ತೀರ ಈಚೆಗೆ. ರೈಲಿನ ಇತಿಹಾಸದಲ್ಲಿ ಉಗಿಯಿಂದ ಡೀಸೆಲ್ಲಿಗೆ, ಸಣ್ಣ ಹಳಿಯಿಂದ ದೊಡ್ಡ ಹಳಿಗೆ ಏರಿದ್ದನ್ನೆಲ್ಲ ಬಲ್ಲ ನಮ್ಮಂಥ ಹುಚ್ಚರು ಈ ಮೇಲ್ದರ್ಜೆಯನ್ನು ಮಾತ್ರ ಲೆಕ್ಕಕ್ಕೆ ಹಿಡಿಯುವುದಿಲ್ಲ.

ಹಾಗಾದರೆ ಆತನನ್ನು ಮಾಡಬೇಕೋ ಬೇಡವೋ? ಮಾಡದಿದ್ದರೆ ನನ್ನ 1965 ಚೊಕ್ಕ. ಸತ್ತವರಿಗೆ ಅದರಿಂದ ನಷ್ಟವಿಲ್ಲ, ಅವರಿಗೆ ತಿಳಿಯುವುದೂ ಇಲ್ಲ. ಆದರೆ ನನ್ನ ಮಗಳಿಗೆ ಹನ್ನೆರಡು ವರ್ಷ, ಪುಣೆಯಲ್ಲೇ ಹುಟ್ಟಿದವಳು. ಅವಳ ಪಾಲಿಗೆ ಅಳ್ನಾವರವೆಂದರೆ ಈ ಹಲಗೆ, 1965 ಅಂದರೆ ಇದರ ಮೇಲೆ ಇರುವಷ್ಟೇ. ಇಲ್ಲಿ ಇಲ್ಲದವರು ಅವಳ ಮಟ್ಟಿಗೆ ಎಲ್ಲೂ ಇರಲಿಲ್ಲ. ಮಾಡಿದರೆ ಇನ್ನೊಂದು ಅಪಾಯ. ಇಪ್ಪತ್ತು ಮಿಲಿಮೀಟರ್ ಎತ್ತರದ ಯಾರೇ ಆದರೂ ಮುದ್ದಾಗಿ ಕಾಣುತ್ತಾರೆ. ಮನೆಗೆ ಬಂದವರು 'ಅಯ್ಯೋ, ಪೊರಕೆ ಕೂಡ ಮಾಡಿದ್ದೀರಾ!' ಎಂದು ಮೆಚ್ಚುತ್ತಾರೆ. ಒಬ್ಬರ ಅವಮಾನ ನನ್ನ ಕುಸುರಿ ಕೆಲಸವಾಗಿಬಿಡುತ್ತದೆ. ಬಿಡುವುದಕ್ಕಿಂತ ಇದು ಹೆಚ್ಚಿನ ತಪ್ಪು ಎಂದು ನನಗೆ ಕೆಲವು ದಿನ ಅನಿಸುತ್ತದೆ, ಕೆಲವು ದಿನ ಇಲ್ಲ.

ಕೊನೆಗೆ ಮಾಡಿದೆ. ಜರ್ಮನಿಯ ಪ್ರೈಸರ್ ಕಂಪನಿಯ ಬಣ್ಣವಿಲ್ಲದ ಬೊಂಬೆಗಳಲ್ಲಿ ಒಂದನ್ನು ತೆಗೆದು, ಅದರ ಕೋಟು ಅರದಿಂದ ಉಜ್ಜಿ, ಪುಟ್ಟಿಯಲ್ಲಿ ಅಂಗಿ, ಮಂಡಿಯ ತನಕದ ಧೋತರ ಮಾಡಿದೆ. ಕೈಗೆ ಪೊರಕೆ. ಆಗ ಒಂದು ತೊಡಕು ಎದುರಾಯಿತು. ಅಂಟು ಹಾಕಿ ಎರಡು ಹಳಿಯ ನಡುವೆ ನಿಲ್ಲಿಸಿದರೆ ಮುಂದಿನ ಗಾಡಿ ಬಂದು ಬೀಳಿಸುತ್ತದೆ. ಬದಿಗೆ ನಿಲ್ಲಿಸಿದರೆ ಆತ ಕೆಲಸವನ್ನೇ ಮಾಡದ ಅಲಂಕಾರ. ಹಾಗಾಗಿ ಅಂಟು ಹಾಕಲಿಲ್ಲ. ನನ್ನ ವೇಳಾಪಟ್ಟಿಯಲ್ಲಿ ಒಂದು ಸಾಲು ಹೆಚ್ಚಾಯಿತು. ಗಾಡಿ ಹೊರಟ ಮೇಲೆ ಚಿಮಟದಿಂದ ಆತನನ್ನು ಹಳಿಗೆ ಇಳಿಸಬೇಕು, ಮೂರು ನಿಮಿಷ ಕಾಯಬೇಕು, ಮತ್ತೆ ಎತ್ತಬೇಕು. ಆತ ಹಳಿಯ ಮೇಲಿರುವಾಗ ಗೋಲಿ ಬಟ್ಟಲಿನಿಂದ ಏಳುವಂತಿಲ್ಲ, ಅಂದರೆ ಯಾವ ಗಾಡಿಯೂ ಬರುವಂತಿಲ್ಲ. ನೋಡಲು ಬಂದವರಿಗೆ ಇದು ಬೇಸರ. ಶಿಳ್ಳೆ ಕೇಳಲು ಬಂದವರು ಮೂರು ನಿಮಿಷ ಖಾಲಿ ಹಳಿ ನೋಡಿಕೊಂಡು, ಮೊಬೈಲ್ ತೆಗೆಯುತ್ತಾರೆ. ಯಾರಾದರೊಬ್ಬರು ಯಾಕೆ ನಿಂತಿತು ಎಂದು ಕೇಳುತ್ತಾರೆ. ಕೇಳಿದವರಿಗೆ ಹೇಳುತ್ತೇನೆ.

ಒಂದು ಪ್ರಶ್ನೆಯನ್ನು ಮಗಳು ತಂದಳು. ಹಳಿಯಿಂದ ಎತ್ತಿದ ಮೇಲೆ ಆತನನ್ನು ಎಲ್ಲಿ ಇಡುವುದು? ಕಾಕಾರನ್ನು ಕೇಳಿದೆ. 'ಗೂಡ್ಸ್ ಶೆಡ್ ಹಿಂದ ಕೂಡ್ತಿದ್ರು' ಅಂದರು. ಅಲ್ಲೇ ಒಂದು ಕಲ್ಲು ಇಟ್ಟೆ. ಮಗಳು ಒಪ್ಪಲಿಲ್ಲ. ಪ್ಲಾಟ್‌ಫಾರ್ಮಿನ ಮೇಲೆ, ಮಾಸ್ತರರ ಕೋಣೆಯ ಹೊರಗೆ, ನೆರಳಿನಲ್ಲಿ ಖಾಲಿ ಬೆಂಚು ಇರುವಾಗ ಶೆಡ್ಡಿನ ಹಿಂದೆ ಯಾಕೆ ಎಂದು ಅವಳ ವಾದ. 1965ರಲ್ಲಿ ಹಾಗೆ ಕೂಡಲು ಬಿಡುತ್ತಿರಲಿಲ್ಲ ಎಂದೆ. 'ಈಗ ಬಿಡೋದು ನಾವಲ್ವಾ?' ಅಂದಳು. ನಾನು ಗಾಡಿ ಓಡಿಸುವ ದಿನ ಆತ ಶೆಡ್ಡಿನ ಹಿಂದಿನ ಕಲ್ಲಿನ ಮೇಲಿರುತ್ತಾನೆ, ಅವಳು ಓಡಿಸುವ ದಿನ ಬೆಂಚಿನ ಮೇಲೆ. ಈ ಜಗಳ ನಮ್ಮ ಮನೆಯಲ್ಲಿ ಇನ್ನೂ ನಡೆದಿದೆ.