ಯಂತ್ರಪ್ರಾಮಾಣ್ಯ ವಿಚಾರ

ಇಂಟೆಲ್ ಸಂಸ್ಥೆಯವರು ೧೯೯೮ರಲ್ಲಿ ಸೆಲೆರಾನ್ ೩೦೦ಎ ಎಂಬ ಅಗ್ಗದ ಪ್ರೊಸೆಸರೊಂದನ್ನು ಮಾರಾಟಕ್ಕೆ ತಂದರು. ಮದರ್‌ಬೋರ್ಡಿನ ಬಸ್ಸು ಎಂಬ ಸಂಕೇತಮಾರ್ಗವು ೬೬ ಮೆಗಾಹರ್ಟ್ಸ್ ಗತಿಯಲ್ಲಿ ಸ್ಪಂದಿಸುತ್ತಿರಲು, ಅದನ್ನು ನಾಲ್ಕೂವರೆ ಮಡಿ ಮಾಡಿಕೊಂಡು ೩೦೦ ಮೆಗಾಹರ್ಟ್ಸ್ ವೇಗದಲ್ಲಿ ನಡೆಯತಕ್ಕದ್ದೆಂದು ಅದಕ್ಕೆ ವಿಧಿಯಾಗಿತ್ತು. ಬಸ್ಸಿನ ಗತಿಯನ್ನು ೧೦೦ಕ್ಕೆ ಏರಿಸಿದ ಮಾತ್ರದಿಂದಲೇ ಅದೇ ಪ್ರೊಸೆಸರು ೪೫೦ ಮೆಗಾಹರ್ಟ್ಸ್‌ನಲ್ಲಿ ಓಡತೊಡಗುತ್ತದೆಂಬುದು ಹವ್ಯಾಸಿಗಳಿಗೆ ತಿಳಿದುಬಂದಾಗ, ದುಬಾರಿ ಯಂತ್ರಗಳಿಗೆ ಮಾತ್ರ ಸಲ್ಲುತ್ತಿದ್ದ ವೇಗವು ಅಲ್ಪಧನರ ಮೇಜಿಗೂ ಬಂದಿತು. ಹೀಗೆ ನಿಗದಿಯನ್ನು ಮೀರಿ ವೇಗವನ್ನು ಏರಿಸುವ ಓವರ್‌ಕ್ಲಾಕಿಂಗ್ ಅದಕ್ಕೂ ಹಿಂದಿನದೇ; ಆದರೆ ಅದಕ್ಕೆ ದೊರೆತ ಪ್ರಸಿದ್ಧಿಯಲ್ಲಿ ಈ ಪ್ರೊಸೆಸರಿನ ಪಾಲು ದೊಡ್ಡದು. ಯಂತ್ರವು ಓಡಿತೆಂಬುದರಲ್ಲಿ ಸಂದೇಹವಿಲ್ಲ. ಅದು ಸರಿಯಾಗಿ ಓಡುತ್ತಿದೆಯೆಂಬುದನ್ನು ಬಲ್ಲವರಾರು, ಯಾವ ಪ್ರಮಾಣದಿಂದ ಬಲ್ಲರು ಎಂಬ ಪ್ರಶ್ನೆ ನನ್ನನ್ನು ಬಹುಕಾಲದಿಂದ ಹಿಡಿದಿದೆ. ತಂತ್ರಜ್ಞರದೆಂದು ತೋರುವ ಈ ಪ್ರಶ್ನೆಯನ್ನು ಸ್ವಲ್ಪ ದೂರ ಅನುಸರಿಸಿದರೆ ನಮ್ಮ ದರ್ಶನಕಾರರು ಶತಮಾನಗಳ ಕಾಲ ನಡೆಸಿದ ಪ್ರಾಮಾಣ್ಯವಾದದೊಳಕ್ಕೇ ಬಂದು ಸೇರುತ್ತೇವೆ.

ಪ್ರೊಸೆಸರಿನೊಳಗಿನ ಪ್ರತಿಯೊಂದು ಗಣನೆಯೂ ಟ್ರಾನ್ಸಿಸ್ಟರುಗಳ ದೀರ್ಘಶ್ರೇಣಿಗಳನ್ನು ಹಾಯ್ದುಹೋಗುವ ವಿದ್ಯುತ್ಸಂಕೇತ. ಗಡಿಯಾರದ ಒಂದು ಮಿಡಿತಕ್ಕೂ ಮುಂದಿನದಕ್ಕೂ ನಡುವಣ ಅವಕಾಶದಲ್ಲಿ ಆ ಸಂಕೇತವು ಗಮ್ಯವನ್ನು ಸೇರಿ ನೆಲೆಗೊಳ್ಳಬೇಕು. ೫ ಗಿಗಾಹರ್ಟ್ಸ್‌ನ ಯಂತ್ರದಲ್ಲಿ ಆ ಅವಕಾಶ ಸೆಕೆಂಡಿನ ಐನೂರು ಕೋಟಿಯಲ್ಲಿ ಒಂದು ಭಾಗ. ಅಷ್ಟರಲ್ಲಿ ಬೆಳಕೇ ಆರು ಸೆಂಟಿಮೀಟರಿನಷ್ಟು ದೂರ ಸಾಗೀತು. ಸುತ್ತಲಿನ ತಾಪ, ವೋಲ್ಟೇಜಿನ ಕ್ಷಣಿಕ ಕುಸಿತ, ವರ್ಷಗಳು ಕಳೆದಂತೆ ಒದಗುವ ಸವಕಳಿ ಇವೆಲ್ಲಕ್ಕೂ ಎಡೆಯಿಟ್ಟೇ ತಯಾರಕರು ವೇಗವನ್ನು ನಿಗದಿಮಾಡುತ್ತಾರೆ. ಓವರ್‌ಕ್ಲಾಕ್ ಮಾಡುವವನು ಆ ಎಡೆಯನ್ನು ತಾನು ಬಳಸಿಕೊಳ್ಳುತ್ತಾನೆ. ಸಂಕೇತವು ಬೇಗನೆ ತಲುಪಲೆಂದು ವೋಲ್ಟೇಜನ್ನು ಏರಿಸಿದನಾದರೆ ಶಾಖವು ಅದರ ವರ್ಗಕ್ಕೆ ಅನುಗುಣವಾಗಿ ಏರುವುದರಿಂದ, ಎಲ್ಲಿಯೋ ಒಂದು ಮೇರೆ ಬಂದೇ ಬರುತ್ತದೆ. ಆ ಮೇರೆಯಾಚೆ, ಮಿಡಿತ ಬಂದಾಗ ಸಂಕೇತವಿನ್ನೂ ದಾರಿಯಲ್ಲಿರುತ್ತದೆ. ೧ ಇರಬೇಕಾದೆಡೆಯಲ್ಲಿ ೦ ಉಳಿಯುತ್ತದೆ.

ಪರದೆ ಸ್ತಬ್ಧವಾಗುವುದೂ ಯಂತ್ರ ತಾನಾಗಿ ಮರುಚಾಲನೆಗೊಳ್ಳುವುದೂ ಉಪಕಾರದ ದೋಷಗಳೆಂದೇ ಎಣಿಸಬೇಕು, ಏಕೆಂದರೆ ಅವು ತಮ್ಮನ್ನು ತಾವು ಪ್ರಕಟಿಸಿಕೊಳ್ಳುತ್ತವೆ. ಭಯಪಡತಕ್ಕದ್ದು, ಯಂತ್ರವು ಯಾವ ಕುರುಹನ್ನೂ ತೋರದೆ ತಪ್ಪು ಉತ್ತರವನ್ನು ಸರಿಯುತ್ತರದಷ್ಟೇ ನಿಶ್ಚಯದಿಂದ ಕೊಡುವ ಸ್ಥಿತಿ. ಮೈಕ್ರೊಸಾಫ್ಟಿನ ರೇಮಂಡ್ ಚೆನ್ ಅವರು ೨೦೦೫ರಲ್ಲಿ ಬರೆದ ಪ್ರಸಂಗವೊಂದು ಇಲ್ಲಿ ಸ್ಮರಣಾರ್ಹ. ಬಳಕೆದಾರರ ಯಂತ್ರಗಳಿಂದ ಬಂದ ಕುಸಿತದ ವರದಿಗಳಲ್ಲಿ ಕೆಲವು, ರಿಜಿಸ್ಟರೊಂದನ್ನು ಸೊನ್ನೆಯಾಗಿಸುವ, ಸ್ಮೃತಿಯನ್ನು ಮುಟ್ಟುವುದೇ ಇಲ್ಲದ, ವಿಫಲವಾಗಲು ಕಾರಣವೇ ಇಲ್ಲದ ಆದೇಶದ ಮೇಲೆ ಯಂತ್ರ ಬಿದ್ದಿತೆಂದು ಹೇಳುತ್ತಿದ್ದವು. ವಿಚಾರಿಸಿ ನೋಡಲಾಗಿ, ಓವರ್‌ಕ್ಲಾಕಿಂಗ್ ಅದರ ಹಿಂದಿತ್ತು. ಆ ಯಂತ್ರಗಳ ಒಡೆಯರಲ್ಲಿ ಕೆಲವರಿಗೆ ಆ ಮಾತೇ ಗೊತ್ತಿರಲಿಲ್ಲ. ಮಾರಿದವರು ವೇಗವನ್ನು ಏರಿಸಿ, ಹೇಳದೆ ಕೊಟ್ಟಿದ್ದರು. ಒಬ್ಬನು ತೆಗೆದುಕೊಂಡ ಸಾಹಸದ ಫಲವನ್ನು ಇನ್ನೊಬ್ಬನು ತಿಳಿಯದೆ ಉಣ್ಣುವುದು ಅಧರ್ಮವೆಂಬುದರಲ್ಲಿ ನನಗೆ ಅನುಮಾನವಿಲ್ಲ.

ಆದಕಾರಣ ವಿವೇಕಿಯಾದ ಹವ್ಯಾಸಿ ಪರೀಕ್ಷೆಗೆ ತೊಡಗುತ್ತಾನೆ. ಅವನ ಮುಖ್ಯ ಸಾಧನ ಪ್ರೈಮ್೯೫ ಎಂಬ ತಂತ್ರಾಂಶ. ೧೯೯೬ರಲ್ಲಿ ಜಾರ್ಜ್ ವೋಲ್ಟ್‌ಮನ್ ಅವರು ಆರಂಭಿಸಿದ, ಎರಡರ ಘಾತಕ್ಕಿಂತ ಒಂದು ಕಡಿಮೆಯಿರುವ ಮೆರ್ಸೆನ್ ಅವಿಭಾಜ್ಯಸಂಖ್ಯೆಗಳ ಅನ್ವೇಷಣೆಗಾಗಿ ಹುಟ್ಟಿದ ಈ ತಂತ್ರಾಂಶದ ಕಾರ್ಯ, ಲಕ್ಷಾಂತರ ಅಂಕಿಗಳುಳ್ಳ ಸಂಖ್ಯೆಯನ್ನು ಮರಳಿ ಮರಳಿ ವರ್ಗಗೊಳಿಸುವುದು. ಗುಣಾಕಾರವು ದಶಮಾಂಶಗಳ ಮಾರ್ಗವಾಗಿ ಸುತ್ತಿ ಬಂದರೂ ಕೊನೆಗೆ ಪ್ರತಿಯೊಂದು ಫಲವೂ ಒಂದು ಪೂರ್ಣಾಂಕದ ತೀರ ಸಮೀಪದಲ್ಲಿ ಬಂದು ನಿಲ್ಲಬೇಕು. ಆ ಅಂತರವು ೦.೪ನ್ನು ಮೀರಿತೆಂದರೆ ಎಲ್ಲಿಯೋ ಪ್ರಮಾದ ನಡೆದಿದೆಯೆಂದು ತಂತ್ರಾಂಶ ಗಣನೆಯನ್ನು ನಿಲ್ಲಿಸುತ್ತದೆ. ಅಂತ್ಯಫಲವನ್ನು ಮೊದಲೇ ತಿಳಿದಿರುವ ಉತ್ತರದೊಡನೆ ಹೋಲಿಸುವುದೂ ಉಂಟು. ಇಪ್ಪತ್ತನಾಲ್ಕು ಗಂಟೆ ಹೀಗೆ ನಡೆದು ದೋಷ ಕಾಣದಿದ್ದರೆ ಯಂತ್ರವು ಸ್ಥಿರವೆಂದು ಸಾರುವುದು ವಾಡಿಕೆ. ತಾನು ಆಸೆಪಟ್ಟು ಪಡೆದ ವೇಗವನ್ನು ತಾನೇ ಸುಳ್ಳಾಗಿಸಲು ಮನುಷ್ಯನು ಇಷ್ಟು ಶ್ರಮಿಸುವುದು ನನಗೆ ಗೌರವಾರ್ಹವಾಗಿ ಕಾಣುತ್ತದೆ.

ಆದರೂ ಇಲ್ಲೊಂದು ಗಂಟಿದೆ. ಅಂತರವನ್ನು ಅಳೆದದ್ದು ಯಾವುದು, ಉತ್ತರವನ್ನು ಹೋಲಿಸಿದ್ದು ಯಾವುದು? ಪರೀಕ್ಷ್ಯವಾದ ಆ ಪ್ರೊಸೆಸರೇ. ತಕ್ಕಡಿಯ ಸಾಚಾತನವನ್ನು ಅದೇ ತಕ್ಕಡಿಯಲ್ಲಿ ತೂಗಿ ನಿಶ್ಚಯಿಸಿದಂತಾಯಿತು. ತಾರ್ಕಿಕರು ಇದನ್ನೇ ಆತ್ಮಾಶ್ರಯದೋಷವೆಂದರು. ಬೇರೊಂದು ಯಂತ್ರದಿಂದ ಪರೀಕ್ಷಿಸೋಣವೆಂದರೆ ಅದರ ಪ್ರಾಮಾಣ್ಯಕ್ಕೆ ಇನ್ನೊಂದು ಬೇಕಾಗಿ ಅನವಸ್ಥೆ ಒದಗುತ್ತದೆ. ಅದೂ ಅಲ್ಲದೆ, ಇಪ್ಪತ್ತನಾಲ್ಕು ಗಂಟೆಯ ದರ್ಶನವು ಇಪ್ಪತ್ತೈದನೆಯ ಗಂಟೆಯ ವಿಷಯದಲ್ಲಿ ಏನನ್ನು ಹೇಳಬಲ್ಲದು? ಭೂಯೋದರ್ಶನವೆಷ್ಟಾದರೂ, ಎಂದರೆ ಎಷ್ಟು ಸಲ ಕಂಡರೂ, ವ್ಯಭಿಚಾರವನ್ನು, ಎಂದರೆ ನಿಯಮ ತಪ್ಪುವ ಸಂಭವವನ್ನು, ಅಲ್ಲಗಳೆಯಲಾರದೆಂಬ ಚಾರ್ವಾಕನ ಆಕ್ಷೇಪ ಇಲ್ಲಿ ಶಬ್ದಶಃ ನಿಜವಾಗುತ್ತದೆ: ದಿನವಿಡೀ ಪೂರ್ಣಭಾರವನ್ನು ಹೊತ್ತು ನಿಂತ ಯಂತ್ರವು, ಕೆಲಸವಿಲ್ಲದೆ ವಿರಮಿಸುವಾಗ ವೋಲ್ಟೇಜೂ ವೇಗವೂ ಇಳಿದೇರುವ ಸಂಧಿಯಲ್ಲಿ ಬೀಳುವುದುಂಟು.

ಈ ಗಂಟನ್ನು ಬಿಡಿಸಲು ದರ್ಶನಗಳ ಕಡೆ ತಿರುಗಿದರೆ, ಜ್ಞಾನವು ಹುಟ್ಟಿದಾಗಲೇ ಪ್ರಮಾಣ, ಅಪ್ರಾಮಾಣ್ಯವನ್ನೇ ಹೊರಗಿನಿಂದ ತೋರಿಸಿಕೊಡಬೇಕು ಎಂಬುದು ಮೀಮಾಂಸಕರ ಮತ. ಬಾಧಕಜ್ಞಾನವೊಂದು ಎದುರಾದರೆ, ಇಲ್ಲವೆ ಜ್ಞಾನವನ್ನು ಹುಟ್ಟಿಸಿದ ಕಾರಣದಲ್ಲೇ ದೋಷವಿದೆಯೆಂದು ತಿಳಿದರೆ ಮಾತ್ರ ಅದನ್ನು ಬಿಡಬೇಕು. ನಿಮಿತ್ತವಿಲ್ಲದ ಸಂಶಯಕ್ಕೆ ಎಡೆಗೊಡಲಾಗದು ಎಂದು ಕುಮಾರಿಲಭಟ್ಟನು ವಾದಿಸಿದನು. ನಾವು ನಿತ್ಯದಲ್ಲಿ ಕಂಪ್ಯೂಟರನ್ನು ನಂಬುವ ಬಗೆಯೂ ಇದೇ. ಬ್ಯಾಂಕಿನ ಲೆಕ್ಕವನ್ನು ಪ್ರತಿಸಲವೂ ಕೈಯಿಂದ ಕೂಡಿ ನೋಡುವವರಿಲ್ಲ. ಆದರೆ ಓವರ್‌ಕ್ಲಾಕ್ ಮಾಡಿದವನಿಗೆ ಈ ಆಶ್ರಯ ದೊರೆಯದು. ಕಾರಣದೋಷದ ಸಂಭವವನ್ನು ತಿಳಿದೂ ತಿಳಿದು ತನ್ನ ಕೈಯಿಂದಲೇ ತಂದಿಟ್ಟವನು ಅವನು. ಅವನ ಸಂಶಯಕ್ಕೆ ನಿಮಿತ್ತವಿದೆ, ಆದ್ದರಿಂದ ಪರೀಕ್ಷೆ ಅವನಿಗೆ ಕರ್ತವ್ಯವಾಗಿ ಬಂದೊದಗಿದೆ.

ಪರೀಕ್ಷೆಯು ಎಲ್ಲಿ ಮುಗಿಯಬೇಕು? ಸಫಲಪ್ರವೃತ್ತಿಯಿಂದ ಪ್ರಾಮಾಣ್ಯ ಸಿದ್ಧಿಸುತ್ತದೆಂಬ ನೈಯಾಯಿಕರ ಉತ್ತರ, ಆ ಸಫಲತೆಯ ಜ್ಞಾನಕ್ಕೆ ಪ್ರಾಮಾಣ್ಯವೆಲ್ಲಿಂದ ಎಂದು ಕೇಳಿದೊಡನೆ ತೊಡಕಿಗೆ ಸಿಕ್ಕುತ್ತದೆ. ನನಗೆ ಹೆಚ್ಚು ಒಪ್ಪುವುದು ಮಧ್ವಾಚಾರ್ಯರ ಮಾರ್ಗ. ವಿಜಯನಗರದ ಕಾಲದಲ್ಲಿ ವ್ಯಾಸತೀರ್ಥರು ತರ್ಕತಾಂಡವದಲ್ಲಿ ಅದನ್ನು ಬಹು ಸೂಕ್ಷ್ಮವಾಗಿ ಸಮರ್ಥಿಸಿದ್ದಾರೆ. ಜ್ಞಾನವನ್ನೂ ಅದರ ಪ್ರಾಮಾಣ್ಯವನ್ನೂ ಗ್ರಹಿಸತಕ್ಕದ್ದು ಆತ್ಮಸ್ವರೂಪವೇ ಆದ ಸಾಕ್ಷಿ. ಸಂಶಯವುಳ್ಳೆಡೆ ಪರೀಕ್ಷೆ ಬೇಕು, ಅದು ಸಂಶಯವೆಂಬ ಅಡ್ಡಿಯನ್ನು ಕಳೆಯುತ್ತದೆ. ನಿಶ್ಚಯ ಮಾತ್ರ ಸಾಕ್ಷಿಯದು, ಅಲ್ಲಿಗೆ ಅನವಸ್ಥೆ ನಿಲ್ಲುತ್ತದೆ. ಸುಖದುಃಖಗಳನ್ನು ಅನುಭವಿಸುವಾಗ ಅವು ಉಂಟೋ ಇಲ್ಲವೋ ಎಂದು ಯಾರೂ ಪ್ರಮಾಣವನ್ನು ಹುಡುಕದಿರುವುದು ಅದರಿಂದಲೇ. ಪ್ರೊಸೆಸರಿನೊಳಗೆ ಇಂಥ ಸಾಕ್ಷಿಯಿಲ್ಲ. ಪ್ರೈಮ್೯೫ ತಪ್ಪನ್ನು ಹಿಡಿಯಬಲ್ಲುದು, ಆದರೆ ತಾನು ಹಿಡಿದೆನೆಂದು ಅರಿಯಲಾರದು. ಆದುದರಿಂದ ಸ್ಥಿರವೆಂಬ ಮಾತು ಯಂತ್ರದ ಗುಣವನ್ನು ಸೂಚಿಸುವಷ್ಟೇ ಅದನ್ನು ಆಡಿದವನ ಹೊಣೆಯನ್ನೂ ಸೂಚಿಸುತ್ತದೆ. ಆಟಕ್ಕೆ ಸಾಕೆಂದು ನಿಶ್ಚಯಿಸಿದ ಯಂತ್ರದಲ್ಲಿ ಪರರ ಸಂಬಳದ ಲೆಕ್ಕವನ್ನೋ ಕಟ್ಟಡದ ಭಾರವನ್ನೋ ಗಣಿಸುವವನು ಆ ನಿಶ್ಚಯವನ್ನು ಮತ್ತೊಮ್ಮೆ ಮೊದಲಿನಿಂದ ಮಾಡಬೇಕಾಗುತ್ತದೆ.

ಗೂಗಲ್ ಸಂಸ್ಥೆಯ ಸಂಶೋಧಕರು ೨೦೨೧ರಲ್ಲಿ, ವೇಗವನ್ನು ಮುಟ್ಟದ ಪ್ರೊಸೆಸರುಗಳಲ್ಲಿಯೂ ವಿರಳವಾಗಿ ಕೆಲವು ಕೋರ್‌ಗಳು ಸದ್ದಿಲ್ಲದೆ ತಪ್ಪು ಗಣಿಸುವುದನ್ನು ವರದಿಮಾಡಿದರು. ಮೆರ್ಸೆನ್ ಸಂಖ್ಯೆಗಳನ್ನು ಹುಡುಕುವವರು ಇದನ್ನು ಅನುಭವದಿಂದ ಬಹು ಹಿಂದೆಯೇ ಬಲ್ಲರು. ಎರಡರ ೧೩,೬೨,೭೯,೮೪೧ನೆಯ ಘಾತದಿಂದ ಒಂದನ್ನು ಕಳೆದರೆ ಬರುವ, ೪,೧೦,೨೪,೩೨೦ ಅಂಕಿಗಳುಳ್ಳ ಸಂಖ್ಯೆಯು ಅವಿಭಾಜ್ಯವೆಂದು ೨೦೨೪ರ ಅಕ್ಟೋಬರ್‌ನಲ್ಲಿ ಸಾರುವುದಕ್ಕೆ ಮೊದಲು, ಬೇರೆ ಬೇರೆ ತಂತ್ರಾಂಶಗಳಿಂದ, ಬೇರೆ ಬೇರೆ ಯಂತ್ರಗಳ ಮೇಲೆ ಅದನ್ನು ಮತ್ತೆ ಗಣಿಸಿ ನೋಡಿದರು. ಮೂರು ನಾಲ್ಕು ಜ್ಞಾನಗಳಾಚೆಗೆ ಪರೀಕ್ಷೆಯನ್ನು ಬೆಳೆಸಬೇಕಾಗಿಲ್ಲವೆಂದು ಕುಮಾರಿಲನೂ ಹೇಳಿದ್ದನು. ಗಣನೆಗಳೆಲ್ಲವೂ ಒಂದೇ ಫಲವನ್ನು ಕೊಟ್ಟ ಮೇಲೆ, ಇನ್ನು ಮುಂದೆ ಗಣಿಸಬೇಕಾಗಿಲ್ಲವೆಂದು ಆ ಅನ್ವೇಷಕರು ನಿಶ್ಚಯಿಸಿ ಸಂಖ್ಯೆಯನ್ನು ಲೋಕಕ್ಕೆ ತಿಳಿಸಿದರು.